ಕಟ್ಟು ಬಿದ್ದ ದಿನಗಳು

೧೯೫೪ ಮಾರ್ಚ್ ೨೮, ಭಾನುವಾರ. ಸಿದ್ದಾಪುರ

ಪೊನ್ನಪ್ಪ ದೊಡ್ಡಪ್ಪ ಬಂದಿದ್ದರು. ಎಸ್ಟೇಟಿನ ಗೇಟಿನಿಂದ ನಮ್ಮ ಮನೆಯವರೆಗೆ ಬಿಸಿಲಲ್ಲಿ ನಡೆದು ಬಂದು, ನೀಲಾವತಿ ಕೊಟ್ಟ ಕಾಫಿ ಕುಡಿದು, ಸುತ್ತುಬಳಸದೆ ವಿಷಯಕ್ಕೆ ಬಂದರು. ಊರಿನ ಭಗವತಿ ಹಬ್ಬ ಹತ್ತಿರವಾಯಿತು, ಈ ಸಲ ಅಮ್ಮನಿಗೆ ಬಂದು ನಿಲ್ಲಲು ಒಂದು ಮೈ ಇಲ್ಲ. ನಾನು ಹುಟ್ಟುವುದಕ್ಕೆ ಮೊದಲಿನಿಂದಲೂ ಅಮ್ಮ ಬರುತ್ತಿದ್ದದ್ದು ಅಪ್ಪನ ಮೇಲೆ. ಅಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡರು.

"ನಿನ್ನ ಅಪ್ಪನ ಮೈಲಿ ಬಂದ ಅಮ್ಮ ನಿನ್ನ ಮೈಲಿ ಬಾರದೆ ಎಲ್ಲಿಗೆ ಹೋದು?" ಎಂದರು.

ಬೆಳಿಗ್ಗೆ ಆಳುಗಳ ಹಾಜರಿ, ಮಧ್ಯಾಹ್ನ ದೊರೆಯ ಬೈಗುಳ, ಈಗ ಮೇಲಿಂದ ದೇವಿಯ ಡ್ಯೂಟಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮಪಾಲನ ಯೋಗ್ಯತೆ ಏರುತ್ತಿದೆ! ನನಗೆ ನಗು ಬಂತು, ದೊಡ್ಡಪ್ಪನಿಗೆ ಬರಲಿಲ್ಲ. ಅವರು ಊರಿನ ತಕ್ಕರು, ದೇವಸ್ಥಾನದ ಕೆಲಸವೆಲ್ಲ ಅವರ ಹೊಣೆ. ಆಗಲಿ, ಬಂದು ನಿಲ್ಲುತ್ತೇನೆ, ಬರದಿದ್ದರೆ ನನ್ನನ್ನು ದೂರಬೇಡಿ ಎಂದೆ.

ನನ್ನ ಚಿಂತೆ ಬೇರೆ. ನೀಲಾವತಿಗೆ ದಿನ ತುಂಬುತ್ತಾ ಬಂತು. ಹೋದ ಸಲ ಮಗು ಹೊಟ್ಟೆಯಲ್ಲೇ ಹೋಯಿತು, ಇವಳೂ ಹೋಗಿಬಿಡುತ್ತಿದ್ದಳು. ಈ ಸಲ ಮನೆಯಲ್ಲಿ ಹೆರಿಗೆ ಕೂಡದು, ಕೊನೆಯ ತಿಂಗಳು ಮಡಿಕೇರಿಗೆ ಬಂದು ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದು ಲೇಡಿ ಡಾಕ್ಟರ್ ಖಂಡಿತವಾಗಿ ಹೇಳಿದ್ದಾರೆ. ಅವಳ ತವರು ಅಲ್ಲೇ. ಕಳಿಸಿಯೇ ಊರಿಗೆ ಬರುತ್ತೇನೆ ಎಂದರೆ ದೊಡ್ಡಪ್ಪ ಆಗದು ಎಂದು ತಲೆಯಾಡಿಸಿದರು. ಅಮ್ಮನಿಗೆ ನಿಲ್ಲುವವನ ಹೆಂಡತಿಯೇ ಮೊದಲ ದೀಪ ಹಚ್ಚಬೇಕಂತೆ. "ಒಂದು ಬೆಳಿಗ್ಗೆಯ ಕೆಲಸ. ದೀಪ ಹಚ್ಚಿಟ್ಟ್ ಬಸ್ಸು ಹತ್ತಲಿ."

ಒಂದು ಬೆಳಿಗ್ಗೆ ತಾನೇ. ಒಪ್ಪಿದೆ.

ಏಪ್ರಿಲ್ ೪, ಭಾನುವಾರ. ಊರು

ಬಂದೆವು. ಭಾಗಮಂಡಲದ ರಸ್ತೆಯಲ್ಲಿ ಬಸ್ಸಿಳಿದು ಊರಿನ ತನಕ ನೀಲಾವತಿಯನ್ನು ನಡೆಸಿಕೊಂಡು ಬರುವಷ್ಟರಲ್ಲಿ ನನಗೇ ಏದುಸಿರು. ಅವಳು ನಗುತ್ತಲೇ ಬಂದಳು.

ಅಪ್ಪನ ಕೆಂಪು ಬಟ್ಟೆ, ಬೆಳ್ಳಿ ಕಡಗ, ಕತ್ತಿ ಎಲ್ಲ ದೇವಸ್ಥಾನದ ಪೆಟ್ಟಿಗೆಯಲ್ಲಿವೆ. ಕಡಗ ನನ್ನ ಕೈಗೆ ಸಡಿಲ. ನಾನು ಚಿಕ್ಕವನಿದ್ದಾಗ ಜ್ವರ ಬಂದು ಬದುಕುವ ಆಸೆ ಬಿಟ್ಟಿದ್ದರಂತೆ. ಹಬ್ಬದ ದಿನ ಅವ್ವ ನನ್ನನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿ ಮಲಗಿಸಿದಳು. ಕೆಂಪು ಬಟ್ಟೆಯ ಅಪ್ಪ ಬಂದು ನನ್ನ ಹಣೆಯ ಮೇಲೆ ಕೈಯಿಟ್ಟರು. ಆ ಕೈಯ ತಂಪು ಇವತ್ತಿಗೂ ನೆನಪಿದೆ. ಜ್ವರ ಇಳಿಯಿತು. ಆದರೆ ಮಾರನೆಯ ದಿನ ನಾನು ಓಡಿಹೋಗಿ ಅವರ ಕಾಲು ಹಿಡಿದುಕೊಂಡರೆ, ಅವ್ವ ಬೆನ್ನಿಗೆ ಬಾರಿಸಿ ಎಳೆದಳು. ಹಬ್ಬ ಮುಗಿಯುವ ತನಕ ಅವರು ನಮ್ಮ ಅಪ್ಪ ಅಲ್ಲವಂತೆ. ಜ್ವರಕ್ಕಿಂತ ಅದು ಹೆಚ್ಚು ಸುಟ್ಟಿತು. ಮುಂದೆ ಶಾಲೆಗೆಂದು ನನ್ನನ್ನು ಸೋಮವಾರಪೇಟೆಯಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟರು. ಆಮೇಲೆ ಊರಿನ ಹಬ್ಬ ನಾನು ನೋಡಿದ್ದೇ ಕಡಿಮೆ.

ಏಪ್ರಿಲ್ ೭, ಬುಧವಾರ

ಉಪವಾಸ, ತಣ್ಣೀರು ಸ್ನಾನ, ಒಂದು ಹೊತ್ತು ಊಟ. ದೇವರಾಗುವುದಕ್ಕಿಂತ ಕೈದಿಯಾಗುವುದು ಸುಲಭ.

ನೀಲಾವತಿ ಕೀಟಲೆ ಮಾಡಿದಳು. "ಅಮ್ಮ ಮೈಮೇಲೆ ಬಂದರೆ ನಿಮ್ಗೆ ನನ್ನ ಗುರ್ತ ಇದ್ದದೆಯಾ?"

"ನಿನ್ನ ಕೈಯ ಸಾರು ತಿಂದವನಿಗೆ ಏಳು ಜನ್ಮಕ್ಕೂ ಗುರುತಿರುತ್ತದೆ" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಡಿದ್ದು ದೀಪ ಹಚ್ಚಿದ ಕೂಡಲೇ ಹೊರಡಬೇಕು. ಟ್ರಂಕು ಕಟ್ಟಿಟ್ಟಾಗಿದೆ. ಅವಳ ಅಣ್ಣ ಮೊಣ್ಣಪ್ಪ ಮಡಿಕೇರಿಯಲ್ಲಿ ಬಸ್ಸಿಗೆ ಕಾಯುತ್ತಾನೆ.

ಏಪ್ರಿಲ್ ೯, ಶುಕ್ರವಾರ

ಸಿಟ್ಟು ಇಳಿಯುತ್ತಿಲ್ಲ.

ನೀಲಾವತಿ ದೀಪ ಹಚ್ಚಿದಳು. ಚೆಂಡೆಯವರು ಊರ ಗಡಿ ಸುತ್ತಿ ಬಂದರು. ದೊಡ್ಡಪ್ಪ ಅಂಗಳದಲ್ಲಿ ನಿಂತು ಊರಿಗೆ ಕಟ್ಟು ಬಿತ್ತು ಎಂದು ಕೂಗಿ ಹೇಳಿದರು. ಕಟ್ಟು ಎಂದರೆ ನನಗೆ ಗೊತ್ತಿದ್ದದ್ದು ಇಷ್ಟು: ಹಬ್ಬ ಮುಗಿಯುವ ತನಕ ಪ್ರಾಣಿ ಕೊಲ್ಲಬಾರದು, ಹಸಿ ಮರ ಕಡಿಯಬಾರದು, ಮದುವೆ ಗಿದುವೆ ಇಲ್ಲ. ಟ್ರಂಕು ಹೊರಲು ಆಳು ಕರೆದೆ. ದೊಡ್ಡಪ್ಪ ಅಡ್ಡ ಬಂದರು.

"ಹೋಕೆ ಆದುಲೆ ಮಗ. ಕಟ್ಟು ಬೀಳುವಾಗ ಗಡಿಯ ಒಳಗೆ ಇದ್ದವು ರಾತ್ರೆ ಹೊರಗೆ ಇರಿಕೆ ಆದುಲೆ. ನಿಂಗೆ ಇಷ್ಟೂ ಗೊತ್ತಿಲ್ಲೆನಾ?"

ಗೊತ್ತಿರಲಿಲ್ಲ. ಹೊರಗಿದ್ದವರಿಗೆ ಕಟ್ಟಿಲ್ಲ, ಒಳಗಿದ್ದವರಿಗೆ ಉಂಟು; ಕಟ್ಟು ಬಿಡುವ ತನಕ ಅವರು ಒಂದು ರಾತ್ರಿಯೂ ಗಡಿಯ ಹೊರಗೆ ಕಳೆಯುವಂತಿಲ್ಲ. ನಿನ್ನೆ ರಾತ್ರಿ ಅವಳು ಸಿದ್ದಾಪುರದಲ್ಲೇ ಇದ್ದಿದ್ದರೆ ಯಾರ ತಕರಾರೂ ಇರಲಿಲ್ಲ. ನಾನೇ ಕೈಹಿಡಿದು ಕರೆತಂದು ಬಲೆಯೊಳಗೆ ನಿಲ್ಲಿಸಿದೆ. ದೀಪ ಹಚ್ಚಿ ಬಸ್ಸು ಹತ್ತಲಿ ಎಂದಿರಲ್ಲ ಎಂದು ಕಿರುಚಿದೆ. ಬಸ್ಸು ಹತ್ತಲಿ, ಆಸ್ಪತ್ರೆಗೆ ತೋರಿಸಿಕೊಂಡು ಸಂಜೆಗೆ ಬರಲಿ ಎನ್ನುತ್ತಾರೆ! ಹೆರಿಗೆ ಬಸ್ಸಿನ ವೇಳೆ ನೋಡಿಕೊಂಡು ಬರುತ್ತದೆಯೇ? ಈ ಮನುಷ್ಯ ಮೋಸ ಮಾಡಲಿಲ್ಲ, ಅದೇ ಸಂಕಟ. ಊರಿನ ಹುಟ್ಟುಕೂಸಿಗೂ ತಿಳಿದದ್ದು ನನಗೂ ತಿಳಿದಿದೆ ಎಂದುಕೊಂಡಿದ್ದರು.

ಕಟ್ಟು ಬಿಡುವುದು ಇಪ್ಪತ್ತೈದಕ್ಕೆ. ಅಷ್ಟರೊಳಗೆ ಅವಳಿಗೆ ನೋವು ಬಂದರೆ? ಕಟ್ಟು ಮುರಿದು ಹೋದರೆ ನಮ್ಮ ಮನೆಗೆ ಊರಲ್ಲಿ ನೀರು ಬೆಂಕಿ ಇಲ್ಲ. ಕಟ್ಟಿನಿಂದ ಬಿಡಿಸಲು ತಕ್ಕರಿಗೂ ಅಧಿಕಾರವಿಲ್ಲ. ಬಿಡಿಸಬಲ್ಲವಳು ಅಮ್ಮ ಒಬ್ಬಳೇ.

ಅಮ್ಮ ಎಂದರೆ ಹದಿನಾಲ್ಕಕ್ಕೆ, ಬಿಸು ಹಬ್ಬದ ದಿನ ಕೆಂಪು ಬಟ್ಟೆ ಉಟ್ಟು ನಿಲ್ಲುವ ನಾನು. ಸರಿ ಹಾಗಾದರೆ.

ಏಪ್ರಿಲ್ ೧೧, ಭಾನುವಾರ

ಮಾತು ತಯಾರು. "ನನ್ನ ಮಗಳು ಗಡಿ ದಾಟಲಿ, ನಾನು ಜೊತೆಗಿದ್ದೇನೆ." ಚಿಕ್ಕದು, ಗಂಭೀರ. ನೀಲಾವತಿಯ ಎದುರು ಕಣ್ಣು ಮೇಲೆ ಮಾಡಿ ಹೇಳಿ ತೋರಿಸಿದೆ. ಎಂದಿನಂತೆ ನಗಲಿಲ್ಲ.

"ನಾಟಕ ಆದರೂ ಅಡ್ಡಿಲ್ಲೆ. ಸರಿಯಾಗಿ ಆಡಿ. ನಂಗೆ ಹೆದ್ರಿಕೆ ಆದೆ" ಎಂದಳು.

ಚಿನ್ನಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ನಮ್ಮ ಗದ್ದೆಯಲ್ಲಿ ದುಡಿಯುವ ಮುದುಕಿ, ಊರಿನ ಸೂಲಗಿತ್ತಿಯೂ ಅವಳೇ. ಮಗು ಅಡ್ಡ ಮಲಗಿದೆ, ತಿರುಗಬಹುದು, ತಿರುಗದೆಯೂ ಇರಬಹುದು ಎಂದಳು. ತಿರುಗದಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ. "ನನ್ನ ಕೈಲಿ ಏನೂ ಆಗೋದಿಲ್ಲ ಅಯ್ಯಾ" ಎಂದು ಅಳತೊಡಗಿದಳು. ಹೋದ ಸಲದ ಮಗುವನ್ನು ಮಣ್ಣು ಮಾಡಿದ್ದು ಅವಳ ಗಂಡ.

ಏಪ್ರಿಲ್ ೧೩, ಮಂಗಳವಾರ

ನಾಳೆ. ನಾನು ಹೇಳುತ್ತೇನೆ, ಅವಳು ಹೊರಡುತ್ತಾಳೆ. ಅಷ್ಟೇ.

ಏಪ್ರಿಲ್ ೧೫, ಗುರುವಾರ

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು, ಇಲ್ಲದಿದ್ದರೆ ತಲೆ ಕೆಟ್ಟುಹೋದೀತು.

ಮಧ್ಯಾಹ್ನದ ಬಿಸಿಲು, ಖಾಲಿ ಹೊಟ್ಟೆ, ಧೂಪದ ಹೊಗೆ. ಚೆಂಡೆ ಶುರುವಾಯಿತು. ಮೊದಲು ನಡುಗಿದ್ದು ನಾನೇ, ಬೇಕೆಂದೇ. ಅಪ್ಪನ ಹಾಗೆ ಎಡಗಾಲಿನಿಂದ ಶುರುಮಾಡಿದೆ. ಸ್ವಲ್ಪ ಹೊತ್ತಿನಲ್ಲಿ ನಿಲ್ಲಿಸೋಣ ಎಂದರೆ ಕಾಲು ನಿಲ್ಲಲಿಲ್ಲ. ಚೆಂಡೆಯ ಪೆಟ್ಟು ಎದೆಯ ಒಳಗಿನಿಂದಲೇ ಬರುತ್ತಿತ್ತು. ಜನ "ಅಮ್ಮಾ" ಎಂದು ಕೂಗಿದರು. ಸಡಿಲವಾಗಿದ್ದ ಕಡಗ ಆಗ ಬಿಗಿಯಾಗಿತ್ತು, ಇದು ಸುಳ್ಳಲ್ಲ.

ದೊಡ್ಡಪ್ಪ ಎದುರು ಬಂದು ಗಟ್ಟಿಯಾಗಿ ಕೇಳಿದರು: "ಮನೆಯ ಸೊಸೆ ತುಂಬು ಬಸುರಿ. ಗಡಿ ದಾಟಕ್ಕಾ, ಬೇಡವಾ? ಅಮ್ಮನೇ ಹೇಳೊಕು."

ಊರಿಗೆ ಊರೇ ಕೈಮುಗಿದು ನಿಂತಿತ್ತು. ಹೆಂಗಸರ ನಡುವೆ ನೀಲಾವತಿ ಕಂಡಳು. ಗುರುತು ಸಿಕ್ಕಿತು. ಆ ಕ್ಷಣ ಒಂದು ಯೋಚನೆ ಹೊಳೆಯಿತು: ಈಗ "ಹೋಗಲಿ" ಎಂದರೆ ಹೆಂಡತಿಗಾಗಿ ಹೇಳಿದ ಎನ್ನುತ್ತಾರೆ. ಬಂದದ್ದು ಅಮ್ಮನಲ್ಲ, ರೈಟರ್ ಎನ್ನುತ್ತಾರೆ.

ಆಮೇಲೆ ಬಾಯಿ ತೆರೆಯಿತು. "ದಾಟಬಾರದು. ನನ್ನ ಗಡಿಯೊಳಗೇ ಹೆರಲಿ. ನಾನು ಕಾಯುತ್ತೇನೆ."

ಧ್ವನಿ ಥೇಟ್ ನಿನ್ನ ಅಪ್ಪ ಬೋಜಪ್ಪನದೇ ಎಂದು ಎಲ್ಲರೂ ಹೇಳುತ್ತಾರೆ. ಮುದುಕರು ಅತ್ತರು. ಆಮೇಲಿನದು ನನಗೆ ನೆನಪಿಲ್ಲ, ಎಚ್ಚರವಾದಾಗ ಯಾರೋ ಮುಖಕ್ಕೆ ಎಳನೀರು ಹಾಕುತ್ತಿದ್ದರು. ಹೊಳೆದದ್ದು ನನಗೆ, ಹೇಳಿದ್ದು ನಾನಲ್ಲ. ಹೇಳಬೇಕೆಂದಿದ್ದರೆ ಕಲಿತ ಮಾತನ್ನೇ ಹೇಳುತ್ತಿರಲಿಲ್ಲವೇ?

ನೀಲಾವತಿ ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ ೧೮, ಭಾನುವಾರ

ಈಗ ಮಲಗುವುದು ದೇವಸ್ಥಾನದಲ್ಲೇ. ಅದೇ ಪದ್ಧತಿ. ಮನೆಗಿಂತ ಇಲ್ಲಿ ನೆಮ್ಮದಿ.

ಇವತ್ತಿನದನ್ನು ಬರೆಯಲೇಬೇಕು. ಬೆಳ್ಯಪ್ಪಜ್ಜ ಬಂದಿದ್ದರು. ಅವರ ಒಬ್ಬನೇ ಮಗ ಯುದ್ಧಕ್ಕೆ ಹೋಗಿ ಬರ್ಮಾದಲ್ಲಿ ಸತ್ತ. ಹೆಣ ಬರಲಿಲ್ಲ. ಬದುಕಿದ್ದಾನೋ ಏನೋ ಎಂದು ಅಜ್ಜ ಇಷ್ಟು ವರ್ಷ ಅವನಿಗೆ ಎಡೆ ಇಟ್ಟವರೇ ಅಲ್ಲ, ದಿನಾ ಸಂಜೆ ದಾರಿ ನೋಡುವವರು. ಬಿಸುವಿನ ದಿನ ಅಮ್ಮ ಅವರ ತಲೆಯ ಮೇಲೆ ಕೈಯಿಟ್ಟು "ಅವನು ನನ್ನ ಹತ್ತಿರ ಇದ್ದಾನೆ, ಎಡೆ ಇಡು" ಎಂದಳಂತೆ. ಅಜ್ಜ ಇಟ್ಟರು. ಇಟ್ಟು, ಅತ್ತು, ಮಲಗಿದವರು ಬಿಸಿಲೇರುವ ತನಕ ಎದ್ದಿಲ್ಲವಂತೆ. "ಇಂಥ ನಿದ್ದೆ ಮರ್ತೇ ಹೋಗಿತ್" ಎಂದು ನನ್ನ ಕಾಲಿಗೆ ಬಿದ್ದರು. ನನ್ನ ಅಜ್ಜನ ವಯಸ್ಸಿನವರು. ಮೊದಲಾಗಿದ್ದರೆ ಹಾರಿ ಹಿಂದೆ ಸರಿಯುತ್ತಿದ್ದೆ. ಇವತ್ತು ಸರಿಯಲಿಲ್ಲ, ಅವರು ಬಿದ್ದದ್ದು ನನ್ನ ಕಾಲಿಗಲ್ಲ.

ಇದನ್ನು ಸುಳ್ಳು ಎನ್ನುವುದು ಹೇಗೆ? ಎಸ್ಟೇಟಿನಲ್ಲಿ ಇಷ್ಟು ವರ್ಷ ಹಾಜರಿ ಹಾಕಿ ಯಾರಿಗೆ ಒಂದು ರಾತ್ರಿಯ ನಿದ್ದೆ ಕೊಟ್ಟಿದ್ದೇನೆ?

ದೊಡ್ಡಪ್ಪ ನನ್ನನ್ನು ಈಗ "ನೀವು" ಎನ್ನುತ್ತಾರೆ. ಎರಡು ದಿನ ಕಸಿವಿಸಿಯಾಯಿತು.

ನೀಲಾವತಿ ದೇವಸ್ಥಾನದ ಅಂಗಳದ ತನಕ ಬಂದಿದ್ದಳು. ಇನ್ನೊಮ್ಮೆ ನಿಂತು ಆ ಮಾತು ಹೇಳಿಬಿಡಿ ಎಂದಳು. ಬೇಕಾದಾಗ ಕರೆಯಲು ಅಮ್ಮ ಕೂಲಿಯಾಳಲ್ಲ ಎಂದೆ.

ಏಪ್ರಿಲ್ ೨೦, ಮಂಗಳವಾರ

ಮಗು ತಿರುಗಿಲ್ಲವಂತೆ. ನೀಲಾವತಿಯ ಕಾಲು ಊದಿದೆ, ಕಣ್ಣು ಮಂಜಾಗುತ್ತಿದೆ ಎಂದು ಚಿನ್ನಿ ಬಂದು ಹೇಳಿದಳು. ಮನೆಗೆ ಹೋದೆ. ಹೊಸಿಲ ಹೊರಗೇ ನಿಂತು ಮಾತಾಡಿಸಿದೆ, ಒಳಗೆ ಹೋಗುವಂತಿಲ್ಲ.

"ನಾ ಹೋನೆ. ನೀವು ಬನ್ನಿ, ಬಾರದಿದ್ದರೆ ಬುಡಿ. ನಾ ಹೋನೆ" ಎಂದಳು.

"ಅಮ್ಮ ಕಾಯುತ್ತೇನೆ ಎಂದಿದ್ದಾಳಲ್ಲ."

"ಅಮ್ಮ ಯಾವಾಗ ಹೇಳ್ದು? ನೀವಲ್ವಾ ಹೇಳಿದ್ದು? ನಾಟಕ ಕಲ್ತದ್ದು ನನ್ನ ಎದುರಲ್ಲೇ ಅಲ್ವಾ?"

ಅಂಗಳದಲ್ಲಿ ಜನ ಇದ್ದರು. ಕೇಳಿಸಿಕೊಂಡರು. ನನ್ನ ಮೈಯೆಲ್ಲ ಉರಿಯಿತು. ಹೊಸಿಲು ದಾಟಿದರೆ ಈ ಮನೆಗೆ ಮತ್ತೆ ಕಾಲಿಡಬೇಡ ಎಂದೆ. ಅಷ್ಟು ಗಟ್ಟಿ ಧ್ವನಿ ನನಗಿದೆ ಎಂದು ಗೊತ್ತಿರಲಿಲ್ಲ. ಆಳುಗಳು ತಲೆತಗ್ಗಿಸಿದರು. ಅವಳು ತಗ್ಗಿಸಲಿಲ್ಲ. ನೋವಿನಲ್ಲಿರುವವಳ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಏಪ್ರಿಲ್ ೨೧, ಬುಧವಾರ

ಹೋಗಿದ್ದಾಳೆ.

ಊರೆಲ್ಲ ದೇವಸ್ಥಾನದಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಚಿನ್ನಿಯ ಭುಜ ಹಿಡಿದುಕೊಂಡು ಗದ್ದೆಯ ಏರಿಯಲ್ಲಿ ನಡೆದು, ಕಾಡುದಾರಿಯಿಂದ ರಸ್ತೆಗೆ. ಮರದ ಲಾರಿಯೊಂದು ಹತ್ತಿಸಿಕೊಂಡಿತಂತೆ. ಕತ್ತಲಾಯಿತು, ಬರಲಿಲ್ಲ. ಅಂದರೆ ಕಟ್ಟು ಮುರಿಯಿತು.

ಗಡಿ ಕಲ್ಲಿನ ತನಕ ಓಡಿದ್ದೆ. ಕಲ್ಲು ಒಂದು ಮಾರು ದೂರವಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು. ಹಿಂದೆ ಜನ ನಿಂತಿದ್ದರು, ಮೈಮೇಲೆ ಕೆಂಪು ಬಟ್ಟೆ ಇತ್ತು. ದೇವರೇ, ಅವಳನ್ನು ಉಳಿಸು. ಅವಳಿಗೇನಾದರೂ ಆದರೆ ನಾನು…

ಏಪ್ರಿಲ್ ೨೨, ಗುರುವಾರ

ಹೆಣ್ಣು ಮಗು. ಇಬ್ಬರೂ ಇದ್ದಾರೆ!

ಮೊಣ್ಣಪ್ಪ ಸಂಜೆ ಬಂದು ಗಡಿಯ ಆಚೆ ನಿಂತೇ ಹೇಳಿದ. ತಲುಪಿದ ಕೂಡಲೇ ಆಪರೇಷನ್ ಮಾಡಿದರಂತೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಎರಡು ಜೀವವೂ ಹೋಗುತ್ತಿತ್ತು ಎಂದು ಡಾಕ್ಟರ್ ಹೇಳಿದರಂತೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಮೊಣ್ಣಪ್ಪನಿಗೆ ನನ್ನ ಮೇಲೆ ಸಿಟ್ಟಿದೆ, ಮುಖ ಕೊಟ್ಟು ಮಾತಾಡಲಿಲ್ಲ. ತಂಗಿ ನಿನಗಾಗಿ ಕಾಯುತ್ತಿದ್ದಾಳೆ, ಬಾ ಎಂದ. ಕಟ್ಟು ಬಿಡದೆ ಬರುವುದು ಹೇಗೆ?

ದೇವಸ್ಥಾನಕ್ಕೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅಮ್ಮ ಕಾಯುತ್ತೇನೆ ಎಂದಳು, ಕಾಯ್ದಳು. ನಿಜವೇ. ಗಡಿಯ ಆಚೆಗೂ ಅವಳ ಕೈ ಚಾಚಿತಲ್ಲ!

ಆದರೆ ಕಟ್ಟು ಮುರಿದದ್ದಕ್ಕೆ ಏನು ಎಂದು ಕಡೆಯ ದಿನ ಅಮ್ಮನನ್ನೇ ಕೇಳಬೇಕು ಎಂದರು ದೊಡ್ಡಪ್ಪ. ಕೇಳಲಿ.

ಏಪ್ರಿಲ್ ೨೫, ಭಾನುವಾರ

ಕಟ್ಟು ಬಿಟ್ಟಿತು. ಕಡೆಯ ದರ್ಶನ ಚೆನ್ನಾಗಿ ಆಯಿತು. ಈ ಸಲ ಮೈ ತಾನಾಗಿಯೇ ಎದ್ದಿತು, ಚೆಂಡೆ ಎರಡು ಪೆಟ್ಟು ಬೀಳುವಷ್ಟರಲ್ಲಿ.

ಅಮ್ಮ ಹೇಳಿದ್ದನ್ನು ದೊಡ್ಡಪ್ಪ ಆಮೇಲೆ ತಿಳಿಸಿದರು. ಮನೆಯ ಸೊಸೆ ನೋವಿನಲ್ಲಿ ದಾರಿ ತಪ್ಪಿದವಳು, ಅವಳದು ತಪ್ಪಲ್ಲ. ಒಂದು ಬೆಳ್ಳಿ ತೊಟ್ಟಿಲು ಒಪ್ಪಿಸಿ ಮಗುವಿನೊಂದಿಗೆ ಬಂದು ದೀಪ ಹಚ್ಚಲಿ. ಕರೆದುಕೊಂಡು ಹೋದವಳದು ತಪ್ಪು. ಚಿನ್ನಿ ಈ ಊರಿನ ನೀರು ಕುಡಿಯಬಾರದು.

ಯಾರೂ ಎದುರಾಡಲಿಲ್ಲ. ನ್ಯಾಯವಾದ ಮಾತು ಎಂದರು. ನೀಲಾವತಿಯನ್ನು ಮನೆಗೆ ಸೇರಿಸುವ ದಾರಿ ಸಲೀಸಾಯಿತು, ಅಮ್ಮ ದೊಡ್ಡವಳು. ಚಿನ್ನಿಯ ಗುಡಿಸಲಿನ ಸಾಮಾನನ್ನು ಅವಳ ಗಂಡ ಗೋಣಿಯಲ್ಲಿ ತುಂಬಿಕೊಂಡು ಸಂಜೆಯೇ ಹೊರಟ. ನನ್ನ ಮುಂದೆಯೇ ಹಾದುಹೋದ, ನಮಸ್ಕಾರ ಮಾಡಿದ. ಪಾಪ ಎನಿಸಿತು.

ಏಪ್ರಿಲ್ ೨೮, ಬುಧವಾರ. ಮಡಿಕೇರಿ

ಆಸ್ಪತ್ರೆಗೆ ಹೋಗಿದ್ದೆ. ನೀಲಾವತಿ ಬಿಳಿಚಿಕೊಂಡಿದ್ದಾಳೆ, ಮಗ್ಗುಲಾಗಲೂ ಕಷ್ಟ. ಮಂಚದ ಪಕ್ಕದಲ್ಲಿ ನೆಲದ ಮೇಲೆ ಚಿನ್ನಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಗೋಡೆಗೆ ಸರಿದಳು. ಗೋಣಿ ಗಂಟು ಅಲ್ಲೇ ಮೂಲೆಯಲ್ಲಿತ್ತು.

ನೀಲಾವತಿ ಸಿಟ್ಟಿನ ಮಾತು ಒಂದೂ ಆಡಲಿಲ್ಲ. ತಾನೇ ಮಗುವನ್ನೆತ್ತಿ ನನ್ನ ಕೈಗೆ ಕೊಟ್ಟಳು. ಕೈಗೆ ತೂಕವೇ ತಿಳಿಯಲಿಲ್ಲ. ಬೆರಳು ಕೊಟ್ಟರೆ ಹಿಡಿದುಕೊಂಡಿತು. ಕಣ್ಣೊರೆಸಿಕೊಂಡೆ. ಅವಳ ಮುಖವೂ ಸಡಿಲವಾಯಿತು, ಬಹಳ ದಿನಗಳ ಮೇಲೆ ನನ್ನನ್ನು ಮೊದಲಿನ ಹಾಗೆ ನೋಡಿದಳು.

"ಚಿನ್ನಿ ಊರಿಗೆ ಬಾದು ಬೇಡ ಅಂತ ಹೇಳಿದ್ದು ಯಾರ್?" ಎಂದು ಮೆಲ್ಲಗೆ ಕೇಳಿದಳು.

"ಅಮ್ಮ" ಎಂದೆ.

ಅವಳು ಚಿನ್ನಿಯ ಕಡೆ ನೋಡಿದಳು. ಮಾತು ಬದಲಾಯಿಸೋಣವೆಂದು ಮಗುವಿಗೆ ಏನು ಹೆಸರಿಡೋಣ ಎಂದು ಕೇಳಿದೆ.

"ನೀವೇ ಹೇಳಿ. ನಿಮ್ಮ ಬಾಯಿಂದ ಹೇಳಿ, ಯಾವುದಾದರೂ ಆದು. ಈಗಲೇ ಹೇಳಿ" ಎಂದಳು. ಅವಳ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

"ಇರು, ಅಮ್ಮನನ್ನು ಕೇಳಿ ಹೇಳುತ್ತೇನೆ" ಎಂದೆ.

ನೀಲಾವತಿ ಹೊಟ್ಟೆಯ ಹೊಲಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಎದ್ದು ಕೂತಳು. ಮಗುವಿನ ಬೆರಳನ್ನು ನನ್ನ ಬೆರಳಿನಿಂದ ಬಿಡಿಸಿದಳು. ಮಗುವನ್ನು ತೆಗೆದುಕೊಂಡು ಚಿನ್ನಿಯ ಕೈಗೆ ಕೊಟ್ಟು, ಗೋಡೆಯ ಕಡೆಗೆ ತಿರುಗಿ ಮಲಗಿದಳು. ಎಷ್ಟು ಕರೆದರೂ ತಿರುಗಲಿಲ್ಲ.

ಬಾಣಂತಿಯ ಮನಸ್ಸು, ಸರಿಹೋಗುತ್ತದೆ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೋಗುತ್ತೇನೆ, ಬೆಳ್ಯಪ್ಪಜ್ಜ ಅಮ್ಮನ ಮಾತಿಗೆ ಕಾಯುತ್ತಿರುತ್ತಾರೆ.